ತ್ಯಾಗಲಿ ಕಪಾಟು

ನಾನು ಮನೆಗೆ ಬಂದ ಮರುದಿನ ನಲ್ಲಿ ನೀರು ಎಂದಿನ ಹೊತ್ತಿಗೇ ಬಂತು. ನೀರು ಹಿಡಿಯುವುದು ನನ್ನ ಗಂಡ ವಿಘ್ನೇಶ್ವರನ ಕೆಲಸವಾಗಿತ್ತು. ನಾನು ಕೊಡಪಾನ ಇಟ್ಟು, ತುಂಬುವವರೆಗೆ ನೋಡುತ್ತ ನಿಂತೆ. ಪಕ್ಕದ ಮನೆಯವರು ರೇಡಿಯೋ ಹಾಕಿದರು. ನಾನು ಬಂದಿರುವುದು ನೆನಪಾಯಿತೇನೋ, ಕೂಡಲೇ ಆರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಸಣ್ಣ ದನಿಯಲ್ಲಿ ಮತ್ತೆ ಹಾಕಿದರು.

ಅವನ ಕ್ರಿಯೆಯೆಲ್ಲ ನಂದೊಳ್ಳಿಯ ಅತ್ತೆಯ ಮನೆಯಲ್ಲಿ ನಡೆದಿತ್ತು. ಇಲ್ಲೇ ಇರು ಎಂದು ಅತ್ತೆ ಹೇಳಿದ್ದರು. ಇರಲಾಗಲಿಲ್ಲ. ಯಲ್ಲಾಪುರದ ಬಾಡಿಗೆ ಮನೆಗೆ ಬಂದುಬಿಟ್ಟೆ. ಹದಿಮೂರನೆಯ ದಿನ ಅಡುಗೆಮನೆಯಲ್ಲಿ ಯಾರೋ ದೊಡ್ಡಮ್ಮ ಇನ್ನೊಬ್ಬರಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

“ಬೇಕು ಹೇಳೇ ನಿಂತಿದ್ನಡ. ಮನೇಲಿ ಎಂತ ಇತ್ತನ, ಯಾರಿಗೆ ಗೊತ್ತು.”

ಅವನು ಕಿರವತ್ತಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸಿಗೆಂದು ಹೆದ್ದಾರಿ ದಾಟುವಾಗ ಲಾರಿ ಬಡಿಯಿತು. ಹಗಲು. ರಸ್ತೆ ನೇರ. ಲಾರಿ ಹಾರ್ನ್ ಹೊಡೆಯುತ್ತಲೇ ಬಂತು, ಮೇಷ್ಟರು ತಿರುಗಿ ನೋಡಲಿಲ್ಲ ಎಂದು ಡ್ರೈವರು ಹೇಳಿದ. ಢಾಬಾದಲ್ಲಿ ಊಟಕ್ಕೆ ಕೂತವರೂ ಅದನ್ನೇ ಹೇಳಿದರು.

ನನಗೆ ಅಳು ಬರಲಿಲ್ಲ. ಒಂದೇ ಪ್ರಶ್ನೆ ಇತ್ತು. ಯಾಕೆ ಸರಿಯಲಿಲ್ಲ?

ದೊಡ್ಡಮ್ಮನ ಮಾತಿಗೆ ಸಿಟ್ಟು ಬರಲಿಲ್ಲ. ಬೇಕೆಂದೇ ನಿಂತನೇನೋ ಎಂದು ನನಗೂ ಅನುಮಾನ ಇತ್ತು. ಒಂದು ವರ್ಷದಿಂದ ಅವನು ಬೇರೆಯಾಗಿದ್ದ. ಒಳಗಿನಿಂದ ಕೂಗಿದರೆ ಓಗೊಡುತ್ತಿರಲಿಲ್ಲ. ಮಗು ಬೇಡವೇ ಎಂದರೆ ನೋಡೋಣ ಎನ್ನುತ್ತಿದ್ದ. ಕರೆಂಟು ಹೋದರೆ ಮಾತೇ ನಿಲ್ಲುತ್ತಿತ್ತು. ಕತ್ತಲಲ್ಲಿ ನಾನು ಏನು ಕೇಳಿದರೂ ಉತ್ತರವಿಲ್ಲ. ದೀಪ ಬಂದ ಮೇಲೆ ನನ್ನ ಮುಖವನ್ನೇ ನೋಡುತ್ತಿದ್ದ, ತಪ್ಪು ಮಾಡಿದವರು ನೋಡುವ ಹಾಗೆ. ಶನಿವಾರ ಶಿಕ್ಷಕರ ಸಂಘದ ಸಭೆ ಎಂದು ಶಿರಸಿಗೆ ಹೋಗಿ ಸಂಜೆ ದಾಟಿದ ಮೇಲೆ ಬರುತ್ತಿದ್ದ. ವಾರ ವಾರ ಸಭೆ ಮಾಡುವಷ್ಟು ತಾಪತ್ರಯ ಯಾವ ಸಂಘಕ್ಕಿದೆ?

ನಾನು ನೀರು ಹಿಡಿದ ದಿನವೇ ಮಧ್ಯಾಹ್ನ ರಘುಪತಿ ಮಾವ ಬಂದರು. ಅಮ್ಮನ ಕಡೆಯ ನೆಂಟರು. ಶಿರಸಿಯ ಕಾಲೇಜಿನಲ್ಲಿ ಗ್ರಂಥಪಾಲಕರಾಗಿದ್ದು ನಿವೃತ್ತರಾದವರು. ಈಗ ಅಲ್ಲಿಯ ಒಂದು ಹಳೆಯ ವಾಚನಾಲಯ ನೋಡಿಕೊಳ್ಳುತ್ತಿದ್ದರು.

“ಸಿರ್ಸಿಗೆ ಬತ್ಯನೆ ಕೂಸೆ? ಒಂದು ಕೆಲಸ ಇದ್ದು.”

“ಎಂತ ಕೆಲಸ ಮಾವ?”

“ನಮ್ಮ ವಾಚನಾಲಯದ ಪುಸ್ತಕ ಎಲ್ಲ ವಿಷಯವಾರು ಮಾಡವು. ಜಿಲ್ಲೆಯಿಂದ ಬಂದ ಸಾಹೇಬ ನೋಡಿ ನಗ್ಯಾಡಿದ. ಇದು ಲೈಬ್ರರಿಯೋ, ಪಾಲು ಮಾಡಿಟ್ಟ ಆಸ್ತಿಯೋ ಕೇಳಿದ.”

“ಆನು ಓದಿದ್ದು ರಾಜ್ಯಶಾಸ್ತ್ರ.”

“ಕಲಿಸ್ತೆ. ಧಾರವಾಡದಲ್ಲಿ ಎಂ.ಎ. ಮಾಡಿಕ್ಕಿ ಕೊಡಪಾನ ತುಂಬದು ನೋಡ್ತಾ ಕೂರಡ.” ಚಹಾ ಕುಡಿದು ಲೋಟ ಕೆಳಗಿಟ್ಟರು. “ನಿನ್ನ ಗಂಡಂಗೂ ಆ ಜಾಗ ಇಷ್ಟ ಇತ್ತು.”

“ಇವು ಅಲ್ಲಿಗೆ ಬರ್ತಿದ್ವಾ?”

ಮಾವ ನನ್ನನ್ನು ನೋಡಿದರು. “ಪ್ರತಿ ಶನಿವಾರ. ನಿಂಗೆ ಹೇಳಿದ್ನಿಲ್ಯಾ?”

“ಹೇಳಿದ್ದ,” ಅಂದೆ.

ಕೆಲಸಕ್ಕೆ ಒಪ್ಪಿಕೊಂಡದ್ದು ಅದಕ್ಕೆ.

ಶಿರಸಿಯಲ್ಲಿ ಒಂದು ಕೋಣೆ ಹಿಡಿದೆ. ವಾಚನಾಲಯ ಪೇಟೆಯ ಒಂದು ಮಹಡಿಯಲ್ಲಿತ್ತು. ಮೊದಲ ದಿನ ಒಳಗೆ ಹೋದಾಗ ಪುಸ್ತಕ ಕಾಣಲಿಲ್ಲ, ಬೀಗ ಕಂಡವು. ಗೋಡೆಯುದ್ದಕ್ಕೂ ಮರದ ಕಪಾಟುಗಳು. ಪ್ರತಿಯೊಂದರ ನೆತ್ತಿಯ ಮೇಲೆ ಬಣ್ಣದಲ್ಲಿ ಊರಿನ ಹೆಸರು, ಅದರ ಕೆಳಗೆ ತೀರಿಕೊಂಡವರ ಹೆಸರು. ಮಂಚೀಕೇರಿ ಕಪಾಟು. ತ್ಯಾಗಲಿ ಕಪಾಟು. ಮನೆಯ ಹಿರಿಯರು ಹೋದ ಮೇಲೆ ಅವರ ಪುಸ್ತಕಗಳನ್ನು ಕಪಾಟಿನ ಸಮೇತ ದಾನ ಕೊಟ್ಟಿದ್ದರು. ಆದರೆ ಬೀಗದ ಕೈ ಕೊಟ್ಟಿರಲಿಲ್ಲ. ಅದು ಆಯಾ ಮನೆಯವರ ಹತ್ತಿರವೇ ಇತ್ತು. ಯಾರಿಗಾದರೂ ಪುಸ್ತಕ ಬೇಕಾದರೆ ಆ ಮನೆಯವರು ಪೇಟೆಗೆ ಬರುವ ದಿನ ಕಾಯಬೇಕು.

“ಇದು ದಾನ ಹೇಂಗಾತು ಮಾವ?”

“ಮಗಳ ಮದುವೆ ಮಾಡಿ ಕೊಟ್ಟ ಹಾಂಗೆ,” ಅಂದರು. “ಕೊಟ್ಟಿದ್ದು ಹೌದು. ಕಣ್ಣು ತೆಗೆದಿದ್ವಿಲ್ಲೆ.”

ಕಲಿಯುವುದು ಶುರುವಾಯಿತು. ದಶಮಾಂಶ ಪದ್ಧತಿಯ ದಪ್ಪ ಪುಸ್ತಕ ಮೇಜಿನ ಮೇಲೆ ತೆರೆದಿರುತ್ತಿತ್ತು. ಲೋಕದ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತು, ಮತ್ತೆ ಹತ್ತು. ಮುನ್ನೂರರಲ್ಲಿ ಸಮಾಜ, ಶಿಕ್ಷಣ. ಆರುನೂರರಲ್ಲಿ ವೈದ್ಯ, ಕೃಷಿ. ನಾನು ಮೊದಮೊದಲು ರಟ್ಟು ನೋಡಿ ನಂಬರು ಹಾಕುತ್ತಿದ್ದೆ. ಅಡಿಕೆ ಸುಲಿಯುವ ಹೆಂಗಸರ ಹಾಡುಗಳ ಸಂಗ್ರಹವನ್ನು ಕೃಷಿಗೆ ಹಾಕಿದೆ. ಮಾವ ಅದನ್ನು ತೆಗೆದು ನನ್ನ ಮುಂದೆ ಇಟ್ಟರು.

“ಇದನ್ನ ಓದಿದ್ರೆ ಅಡಿಕೆ ಸುಲಿಯಲೆ ಬತ್ತಾ?”

“ಇಲ್ಲೆ.”

“ಮತ್ತೆ? ಮುನ್ನುಡಿ ಓದು. ಪರಿವಿಡಿ ಓದು. ನಡುವೆ ನಾಕು ಪುಟ ಓದು. ಅವಸರ ಮಾಡಡ. ತಪ್ಪು ಜಾಗದಲ್ಲಿ ಇಟ್ಟ ಪುಸ್ತಕ ಕಳೆದು ಹೋದ ಹಾಂಗೇ ಲೆಕ್ಕ.”

ಕೆಲಸ ಒಳ್ಳೆಯದಿತ್ತು. ಯೋಚನೆಗೆ ಜಾಗ ಕೊಡುತ್ತಿರಲಿಲ್ಲ. ಕಪಾಟಿನವರು ಮಾತ್ರ ಸುಮ್ಮನೆ ಬಿಡಲಿಲ್ಲ. ಮಂಚೀಕೇರಿಯ ಅಜ್ಜ ಒಬ್ಬರು ಛತ್ರಿ ಊರಿಕೊಂಡು ಮಹಡಿ ಹತ್ತಿ ಬಂದರು.

“ನಮ್ಮ ಅಪ್ಪಯ್ಯನ ಪುಸ್ತಕದ ಪಕ್ಕಕ್ಕೆ ಆ ಕೆಳಗಿನ ಮನೆಯವ್ರ ಪುಸ್ತಕ ಇಡ್ತ್ಯನೆ? ಅವ್ರಿಗೂ ನಮಗೂ ಮಾತಿಲ್ಲೆ.”

“ಪುಸ್ತಕಕ್ಕೆ ಬಾಯಿಲ್ಲೆ. ಜಗಳ ಆಗ್ತಿಲ್ಲೆ,” ಅಂದರು ಮಾವ.

“ನಿಂಗೆ ನಗೆ. ಅಪ್ಪಯ್ಯನ ಹೆಸರು ಎಲ್ಲಿರ್ತು?”

“ಒಳಗೆ, ಮೊದಲ ಪುಟದಲ್ಲಿ.”

“ಹೊರಗೆ?”

“ಹೊರಗೆ ನಂಬರು.”

“ನಂಬರು! ಜೈಲಲ್ಲಿ ಕೊಡೋ ನಮನಿ.” ಗೊಣಗುತ್ತಲೇ ಜನಿವಾರಕ್ಕೆ ಕಟ್ಟಿದ್ದ ಬೀಗದ ಕೈ ಬಿಚ್ಚಿ ಕೊಟ್ಟರು.

ಒಬ್ಬೊಬ್ಬರೇ ಕೊಟ್ಟರು. ಉಳಿದದ್ದು ತ್ಯಾಗಲಿ ಕಪಾಟು.

ಅದರ ಮುಂದೆ ನಾನು ನಿಂತಿದ್ದಾಗ ಜವಾನ ಮಂಜಪ್ಪ ಕಸ ಗುಡಿಸುತ್ತಿದ್ದ. ನನ್ನನ್ನು ಮೆಚ್ಚಿಸಲೆಂದೇ ಹೇಳಿದ. “ನಿಮ್ ಯಜಮಾನ್ರಿಗೆ ಈ ಕಪಾಟು ಅಂದ್ರೆ ಆಯ್ತು ಅಮಾ. ಬೇರೇದು ಕಣ್ಣೆತ್ತಿ ನೋಡ್ತಿರ್ಲಿಲ್ಲ. ಬಂದು ಇಲ್ಲೇ ಬೆಂಚಿನ ಮೇಲೆ ಕೂತ್ಕಳೂದು, ಸೀತಕ್ಕ ಬರೂದು ಕಾಯೂದು.”

“ಸೀತಕ್ಕ ಯಾರು?”

“ತ್ಯಾಗಲಿ ಡಾಕ್ಟ್ರ ಮಗಳು. ಬ್ಯಾಂಕಲ್ಲಿ ಇದ್ದಾರಲ್ಲ. ಶನಿವಾರ ಅರ್ಧ ದಿನ ರಜೆ, ಬಂದು ಬೀಗ ತೆಗೀತಾರೆ.”

“ಮನೆಯವರು?”

“ಮದುವೆ ಆಗ್ಲಿಲ್ಲ ಅವ್ರು.”

“ಇಬ್ಬರೂ ಮಾತಾಡ್ತಿದ್ರಾ?”

“ಸೀತಕ್ಕ ಮಾತಾಡೂದು. ಇವ್ರು ಅವ್ರ ಮುಖ ನೋಡ್ಕಂಡು ಕೂತ್ಕಳೂದು. ಕಣ್ಣು ಪಿಟ್ ಅನ್ನೂದಿಲ್ಲ.” ಅಷ್ಟು ಹೇಳಿದ ಮೇಲೆ ಅವನಿಗೇ ಹೊಳೆಯಿತು. ಪೊರಕೆ ನಿಲ್ಲಿಸಿದ. “ಎಂತದೂ ಇಲ್ಲಮಾ. ಪುಸ್ತಕದ ಮಾತೇ.”

ಸಭೆ ಯಾವುದೆಂದು ತಿಳಿಯಿತು. ಆಶ್ಚರ್ಯವಾಗಲಿಲ್ಲ. ಲೆಕ್ಕದ ಉತ್ತರ ಹಿಂದಿನ ಪುಟದಲ್ಲಿ ಇದ್ದದ್ದೇ ಬಂದ ಹಾಗಾಯಿತು. ಮೇಷ್ಟರಿಗೆ ಶಿರಸಿಯಲ್ಲಿ ಒಬ್ಬಳು ಇದ್ದಳು, ಯಲ್ಲಾಪುರದಲ್ಲಿ ಒಬ್ಬಳು. ನಡುವೆ ರಸ್ತೆಯಲ್ಲಿ ನಿಂತುಬಿಟ್ಟ.

ಆ ಶನಿವಾರ ಅವಳು ಬಂದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ನೂಲಿನ ಸೀರೆ, ಕೈಯಲ್ಲಿ ಗಡಿಯಾರ ಬಿಟ್ಟರೆ ಏನೂ ಇಲ್ಲ. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಹೇಳದೆಯೇ ಗುರುತು ಹಿಡಿದಳು. ಅದನ್ನೂ ಗಮನಿಸಿದೆ.

“ಬೀಗದ ಕೈ ಬೇಕಿತ್ತು,” ಅಂದೆ.

“ಮನೇಲಿದ್ದು. ಮುಂದಿನ ವಾರ ತತ್ತೆ.”

ಅವಳ ಚೀಲದ ಬಾಯಿಯಲ್ಲಿ ಬೀಗದ ಕೈಗಳ ಗೊಂಚಲು ಕಾಣುತ್ತಿತ್ತು.

“ತಂಗಿ,” ಅಂದಳು, “ಒಂದು ಪುಸ್ತಕ ವಾಪಸ್ ಬರಲಿಲ್ಲೆ. ಮೇಷ್ಟ್ರು ತಗಂಡು ಹೋಗಿದ್ದು. ಹಸಿರು ರಟ್ಟು. ನಿಮ್ಮನೇಲಿ ಇದ್ದಾ ನೋಡು.”

“ಎಂತರ ಬಗ್ಗೆ?”

ಅವಳು ಸೆರಗು ಸರಿಪಡಿಸಿಕೊಂಡಳು. “ಸಿಕ್ರೆ ನಿಂಗೇ ಗೊತ್ತಾಗ್ತು.”

ವಿಷಯ ಯಾವುದು ಎಂದು ಕೇಳುವುದೇ ನನ್ನ ಕೆಲಸವಾಗಿತ್ತು. ಅದೊಂದನ್ನೇ ಅವಳು ಹೇಳಲಿಲ್ಲ.

ಯಲ್ಲಾಪುರಕ್ಕೆ ಹೋಗಿ ಮನೆಯೆಲ್ಲ ಹುಡುಕಿದೆ. ಅವನ ಅಂಗಿಗಳ ಕೆಳಗೆ, ಹಾಸಿಗೆಯ ಕೆಳಗೆ, ಅಟ್ಟದ ಮೇಲೆ. ಹಸಿರು ರಟ್ಟಿನದು ಇರಲಿಲ್ಲ. ಇಲ್ಲದ ಪುಸ್ತಕ ಕೇಳಿ ನನ್ನನ್ನು ಆಚೆ ಕಳಿಸಿದ್ದು ಯಾಕೆ? ಆ ಹೊತ್ತಿಗೆ ಕಪಾಟಿನಿಂದ ಏನಾದರೂ ತೆಗೆದಳೇ? ಮಂಜಪ್ಪನನ್ನು ಕೇಳಿದೆ. ಬೀಗಕ್ಕೆ ಯಾರೂ ಕೈ ಹಾಕಿಲ್ಲ ಎಂದ. ಅವನನ್ನು ನಂಬುವುದು ಹೇಗೆಂದು ತಿಳಿಯಲಿಲ್ಲ. ಮಾವನಿಗೂ ಗೊತ್ತಿತ್ತೇನೋ. ಗೊತ್ತಿದ್ದೇ ನನ್ನನ್ನು ಇಲ್ಲಿ ತಂದು ಕೂರಿಸಿದರೇನೋ.

ಮುಂದಿನ ಶನಿವಾರ ಸೀತಾ ಬರಲಿಲ್ಲ. ಅದರ ಮುಂದಿನದಕ್ಕೆ ಮಾವ ಬ್ಯಾಂಕಿಗೇ ಹೋಗಿ ಕರೆತಂದರು. ಅವಳು ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟಳು. ಕಪಾಟಿನ ಹತ್ತಿರ ಬರಲಿಲ್ಲ.

“ನೀನೇ ತೆಗಿ. ತೆಗೆದ ಮೇಲೆ ನಂಗೆ ಬೈಯಡ.”

ಮೆಟ್ಟಿಲಿಳಿದು ಹೋದಳು.

ಬಾಗಿಲು ತೆಗೆದಾಗ ನುಸಿಗುಳಿಗೆಯ ವಾಸನೆ ಬಂತು. ಡಾಕ್ಟರು ಕೊಂಡ ಕ್ರಮದಲ್ಲೇ ಪುಸ್ತಕಗಳು ನಿಂತಿದ್ದವು. ಸಂಸ್ಕೃತ ನಾಟಕದ ಪಕ್ಕ ಇಂಗ್ಲಿಷ್ ಪತ್ತೇದಾರಿ, ಅದರ ಪಕ್ಕ ಜೇನು ಸಾಕಣೆ, ಅದರ ಪಕ್ಕ ಶಸ್ತ್ರಚಿಕಿತ್ಸೆ. ನೆಲಕ್ಕೆ ಚಾಪೆ ಹಾಕಿ ಕೂತೆ. ನಾನು ಹುಡುಕುತ್ತಿದ್ದದ್ದು ಪುಸ್ತಕವನ್ನಲ್ಲ, ಪುಸ್ತಕದೊಳಗೆ ಇಟ್ಟದ್ದನ್ನು. ಒಂದೊಂದನ್ನೂ ಕೊಡವಿದೆ. ಕೊಡವಿದ ಮೇಲೆ ಅಭ್ಯಾಸಬಲದಿಂದ ಮುನ್ನುಡಿ ನೋಡಿ, ಪರಿವಿಡಿ ನೋಡಿ, ವಿಷಯದ ರಾಶಿಗೆ ಹಾಕಿದೆ.

ಪತ್ರ ಬೀಳಲಿಲ್ಲ. ಕೆಲವದರಿಂದ ಬಸ್ಸಿನ ಟಿಕೇಟು ಬಿದ್ದವು. ಪುಟದ ಮೂಲೆ ಮಡಚುವವರನ್ನು ಕಂಡರೆ ವಿಘ್ನೇಶ್ವರನಿಗೆ ಆಗುತ್ತಿರಲಿಲ್ಲ. ಗುರುತಿಗೆ ಟಿಕೇಟು ಇಡುತ್ತಿದ್ದ.

ಸಂಜೆಯ ಹೊತ್ತಿಗೆ ರಾಶಿಗಳು ಬೆಳೆದಿದ್ದವು. ನಾಟಕದ ರಾಶಿಯಲ್ಲಿ ಟಿಕೇಟು ಇರಲಿಲ್ಲ. ಕಾದಂಬರಿಯಲ್ಲಿ ಇರಲಿಲ್ಲ. ಎಲ್ಲ ಟಿಕೇಟೂ ಒಂದೇ ರಾಶಿಯಲ್ಲಿ, ವೈದ್ಯದ ರಾಶಿಯಲ್ಲಿ ಇದ್ದವು. ಅದನ್ನು ಮತ್ತೆ ಒಡೆದೆ. ಹೃದಯದ್ದು ಬೇರೆ, ಹೊಟ್ಟೆಯದು ಬೇರೆ. ಟಿಕೇಟು ಇದ್ದದ್ದೆಲ್ಲ ಕಿವಿಯದು.

ಒಂದನ್ನು ತೆಗೆದು ಟಿಕೇಟು ಇದ್ದ ಪುಟ ಓದಿದೆ. ಶ್ರವಣ ಮಂದವಾಗುತ್ತ ಬಂದವರು ಮಾತಾಡುವವರ ಮುಖದಿಂದ ಕಣ್ಣು ತೆಗೆಯುವುದಿಲ್ಲ. ಇನ್ನೊಂದು ಕೋಣೆಯಿಂದ ಕರೆದರೆ ಓಗೊಡುವುದಿಲ್ಲ. ಕತ್ತಲಲ್ಲಿ ಮಾತು ಬಿಡುತ್ತಾರೆ. ಮನೆಯವರು ಇದನ್ನು ಸಿಟ್ಟೆಂದೋ ತಾತ್ಸಾರವೆಂದೋ ತಿಳಿಯುವುದುಂಟು. ಇಂಗ್ಲಿಷಿನಲ್ಲಿ ಇದಕ್ಕೆ ಕೆಲವೇ ಸಾಲು ಸಾಕಾಗಿತ್ತು.

ಮಂಜಪ್ಪ ಬಾಗಿಲು ಹಾಕುವ ಹೊತ್ತಾಯಿತು ಎಂದು ಎರಡು ಸಲ ಹೇಳಿದನಂತೆ.

ಅಲ್ಲಿಂದ ನೇರ ಸೀತಾಳ ಮನೆಗೆ ಹೋದೆ. ಕೂರು ಎಂದಳು. ನಿಂತೇ ಇದ್ದೆ.

“ಕಿವಿ ವಿಷಯ ನಿಂಗಕ್ಕೆ ಹೇಳಿದ್ವಾ?”

“ಹೇಳಿದ್ದಲ್ಲ. ಕಂಡಿದ್ದು. ಅಪ್ಪ ಬೊಂಬಾಯಲ್ಲಿ ಕಿವಿ ಡಾಕ್ಟರು. ಬಂದ ರೋಗಿ ಎಲ್ಲ ಹಾಂಗೇ ಮುಖ ನೋಡ್ತಿದ್ದ. ಸಣ್ಣಕ್ಕಿದ್ದಾಗಿಂದ ನೋಡಿದ್ದು. ಮೊದಲ ದಿನವೇ ಕೇಳ್ದೆ, ಎಷ್ಟು ಸಮಯ ಆತು ಹೇಳಿ.”

“ನಂಗೆ ಯಾಕೆ ಹೇಳಲಿಲ್ಲೆ?”

“ಅವರ ದೊಡ್ಡಪ್ಪನ ನಂದೊಳ್ಳಿಲಿ ಎಂತ ಹೇಳಿ ಕರೀತಿದ್ದ?”

ಕೆಪ್ಪಣ್ಣ. ಕಿವಿ ಕೇಳದ ಆ ದೊಡ್ಡಪ್ಪ ಬೇರೆ ಬೇರೆ ಅರ್ಥ ಮಾಡಿಕೊಂಡು ಕೊಟ್ಟ ಉತ್ತರಗಳನ್ನು ಹೇಳಿ ಮದುವೆಯ ಹೊಸತರಲ್ಲಿ ನನ್ನನ್ನು ನಗಿಸಿದ್ದು ವಿಘ್ನೇಶ್ವರನೇ.

“ಇದು ಮಕ್ಕಳಿಗೆ ಬತ್ತಾ ಹೇಳಿ ಅವಂಗೆ ಗೊತ್ತಾಗಬೇಕಿತ್ತು,” ಅಂದಳು ಸೀತಾ. “ಗೊತ್ತಾದ ಮೇಲೆ ನಿಂಗೆ ಹೇಳ್ತೆ ಹೇಳಿದ್ದ. ಅಲ್ಲಿವರೆಗೆ ಬಾಯಿ ಬಿಡಡ ಹೇಳಿ ಭಾಷೆ ತಗಂಡಿದ್ದ. ಬಲಗಿವಿ ಪೂರ್ತಿ ಹೋಗಿತ್ತು ತಂಗಿ. ಒಂದೇ ಕಿವಿಲಿ ಕೇಳವ್ರಿಗೆ ಶಬ್ದ ಯಾವ ದಿಕ್ಕಿಂದ ಬಂತು ತಿಳಿತಿಲ್ಲೆ.”

“ಅದು ನಿಂಗ ಹೇಳದು.”

“ಹೌದು. ಆನು ಹೇಳದು.”

ಅವಳು ಸುಳ್ಳು ಹೇಳುತ್ತಿದ್ದಾಳೆಂದು ತೋರಲಿಲ್ಲ. ಆದರೆ ಅದರಿಂದ ನನಗೆ ಏನು ಸಿಕ್ಕಿತು? ಕಿವಿ ಹೋಗುತ್ತಿರುವ ಮೇಷ್ಟರಿಗೆ ಕೆಲಸ ಉಳಿಯುತ್ತದೆಯೇ? ರಸ್ತೆಯಲ್ಲಿ ನಿಲ್ಲಲು ಒಂದು ಕಾರಣ ಹೋಗಿ ಇನ್ನೊಂದು ಬಂತು, ಅಷ್ಟೆ. ಮೊದಲಿನದಕ್ಕಿಂತ ಇದು ಗಟ್ಟಿಯಾಗಿತ್ತು.

ಹಸಿರು ರಟ್ಟಿನ ಪುಸ್ತಕ ಮನೆಯಲ್ಲಿಲ್ಲ. ಇನ್ನು ಇರಬಹುದಾದ ಜಾಗ ಒಂದೇ. ಶಾಲೆಯಿಂದ ಅವನ ಸಾಮಾನು ತೆಗೆದುಕೊಂಡು ಹೋಗಿ ಎಂದು ಹೇಳಿ ಕಳಿಸಿದ್ದರು. ನಾನು ಹೋಗಿರಲಿಲ್ಲ.

ಕಿರವತ್ತಿಯಲ್ಲಿ ಬಸ್ಸಿನಿಂದ ಇಳಿದೆ. ಎಡಕ್ಕೆ ನೋಡಲಿಲ್ಲ. ಢಾಬಾ ಅಲ್ಲಿತ್ತು. ಶಾಲೆಯಲ್ಲಿ ಪರಿಮಳಾ ಎಂಬ ಟೀಚರು ಎದುರು ಬಂದರು, ಕಲಘಟಗಿ ಕಡೆಯವರು.

“ಬರ್ರಿ ಅಕ್ಕಾರ, ಕುಂದರ್ರಿ. ಸರ್ ಅವರ ಕಪಾಟ ಯಾರೂ ಮುಟ್ಟಿಲ್ಲ ನೋಡ್ರಿ.”

ಡಸ್ಟರು, ಕಂಪಾಸು, ಬಣ್ಣದ ಸೀಮೆಸುಣ್ಣ. ಬೋರ್ಡಿನ ಮೇಲೆ ಎಲ್ಲವನ್ನೂ ಬರೆದೇ ಪಾಠ ಮಾಡುತ್ತಿದ್ದರು ಎಂದರು. ಕೆಳಗಿನ ಅರೆಯಲ್ಲಿ ಅಂಗೈಯಗಲದ ಕನ್ನಡಿ. ಅದರಡಿ ಹಸಿರು ರಟ್ಟು.

ಕನ್ನಡಿ ನೋಡಿ ಟೀಚರು ನಕ್ಕರು, ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ತಪ್ಪ ತಿಳೀಬ್ಯಾಡ್ರಿ. ಪಾಠ ಇಲ್ಲದಾಗ ಇದನ್ನ ಹಿಡಕೊಂಡು ಬಾಯಿ ಆಡಿಸಿಕೋತ ಕುಂದರತಿದ್ರು. ಸಿನಿಮಾಕ್ಕ ಸೇರತೀರೇನ್ರಿ ಸರ್ ಅಂತ ನಾವೆಲ್ಲ ಚ್ಯಾಷ್ಟಿ ಮಾಡತಿದ್ವಿ.”

“ಏನಂತಿದ್ರು?”

“ಏನೂ ಅಂತಿರಲಿಲ್ಲರೀ. ನಕ್ಕು ಸುಮ್ಮನಾಗತಿದ್ರು.”

ಅಲ್ಲೇ ಕೂತು ಪುಸ್ತಕ ತೆರೆದೆ. ಪುಟಪುಟದಲ್ಲೂ ಬಾಯಿಯ ಚಿತ್ರ. ತುಟಿ ಕೂಡಿದ್ದು, ತೆರೆದದ್ದು, ಹಲ್ಲು ಕಂಡದ್ದು. ಕೇಳದೆ, ನೋಡಿ ಮಾತು ತಿಳಿಯುವುದನ್ನು ಮನೆಯಲ್ಲೇ ಕಲಿಯಲು ಪಾಠಗಳು. ಇಂಗ್ಲಿಷಿನ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದ ಅಕ್ಷರ ಬರೆದುಕೊಂಡಿದ್ದ. ಪ ಬ ಮ ಮೂರೂ ಒಂದೇ ಹಾಗೆ ಕಾಣುತ್ತವೆ, ಜಾಗ್ರತೆ ಎಂದಿತ್ತು. ಮುಗಿಸಿದ ಪಾಠಕ್ಕೆಲ್ಲ ಮಕ್ಕಳ ನೋಟುಪುಸ್ತಕಕ್ಕೆ ಹಾಕುವ ಹಾಗೆ ಸರಿ ಗುರುತು, ತಾರೀಖು.

ಕೊನೆಯ ತಾರೀಖು ಅವನು ಹೋದ ಶನಿವಾರದ್ದು. ಮುಂದಿನ ಪಾಠ ಪ್ರಶ್ನೆ ಕೇಳುವವರ ಮುಖ ಓದುವುದು. ಅದರ ತಲೆಯ ಮೇಲೆ ಬರೆದಿದ್ದ: ಸೋಮವಾರ, ನಮಿತಾಳ ಜೊತೆ.

ನಮಿತಾ ನಾನು.

ಟೀಚರು ನೀರು ತಂದುಕೊಟ್ಟರು. ಕುಡಿದೆ. ಮತ್ತೊಂದು ಲೋಟ ಕೇಳಿದೆ. ಕನ್ನಡಿಯನ್ನು ಚೀಲದಲ್ಲಿ ಇಟ್ಟುಕೊಂಡೆ. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಎಡಕ್ಕೆ ನೋಡಿದೆ. ಲಾರಿಗಳು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು. ಕಣ್ಣು ಮುಚ್ಚಿಕೊಂಡು, ಬಲಗಿವಿಗೆ ಬೆರಳು ಒತ್ತಿ ಹಿಡಿದು ನಿಂತೆ. ಎರಡೂ ಕಡೆಯಿಂದ ಬರುವುದೆಲ್ಲ ಎಡಗಡೆಯಿಂದಲೇ ಬಂದ ಹಾಗಿತ್ತು.

ಪುಸ್ತಕವನ್ನು ಕೆಲವು ದಿನ ಕೋಣೆಯಲ್ಲಿ ಇಟ್ಟುಕೊಂಡೆ. ಕೊಡದೆ ಇರಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಶನಿವಾರ ತೆಗೆದುಕೊಂಡು ಹೋದೆ.

ಸೀತಾ ಬಂದಿದ್ದಳು. ಖಾಲಿ ಕಪಾಟಿನ ಬಾಗಿಲು ತೆಗೆದು, ಒಳಗೆ ನೋಡುತ್ತ ನಿಂತಿದ್ದಳು. ನನ್ನ ಕೈಯಲ್ಲಿದ್ದದ್ದನ್ನು ಕಂಡು ಕೈ ಚಾಚಿದಳು. ನಾನು ಅವಳಿಗೆ ಕೊಡಲಿಲ್ಲ. ವರ್ಷವಿಡೀ ಶನಿವಾರದ ಮಧ್ಯಾಹ್ನಗಳು ಅವಳ ಹತ್ತಿರ ಇದ್ದವು. ಭಾಷೆ ಕೊಟ್ಟಿದ್ದಳು ಎಂಬುದನ್ನು ಒಪ್ಪಿದೆ. ಅಷ್ಟನ್ನೇ ಒಪ್ಪಿದೆ. ಪುಸ್ತಕವನ್ನು ಮಾವನ ಮೇಜಿನ ಮೇಲೆ ಇಟ್ಟೆ.

ಮಾವ ಕನ್ನಡಕ ಏರಿಸಿ ಪುಟ ತಿರುವಿದರು. ಪೆನ್ಸಿಲಿನ ಬರಹ ಕಂಡಿತು. ಓದದ ಹಾಗೆ ಮುಚ್ಚಿದರು.

“ಕಿವಿ ಪುಸ್ತಕ ಅಲ್ದಾ? ಆರುನೂರಕ್ಕೆ ಹೋಗ್ತು. ಉಳಿದವ್ರ ಜೊತೆ ಇಡು.”

“ಇದ್ರಲ್ಲಿ ರೋಗ ಇಲ್ಲೆ ಮಾವ. ಮದ್ದೂ ಇಲ್ಲೆ. ಇಡೀ ಪುಸ್ತಕದಲ್ಲಿ ಇಪ್ಪದು ಪಾಠ. ಮುನ್ನೂರಕ್ಕೆ ಹೋಗ್ತು. ಶಿಕ್ಷಣ.”

ಅವರು ದಪ್ಪ ಪುಸ್ತಕ ಎಳೆದುಕೊಂಡು ಬೆರಳಿಟ್ಟು ಹುಡುಕಿದರು. ಸಾಕಷ್ಟು ಹೊತ್ತು ತೆಗೆದುಕೊಂಡರು. “ಹೌದು,” ಅಂದರು. ಪೆನ್ಸಿಲಿನ ಬರಹ ಅಳಿಸಲೆಂದು ರಬ್ಬರು ನನ್ನ ಕಡೆ ಸರಿಸಲು ಹೋಗಿ, ಏನನ್ನಿಸಿತೋ, ಮತ್ತೆ ಡಬ್ಬಿಯಲ್ಲಿ ಹಾಕಿದರು.

ನಂಬರು ಬರೆದು ಬೆನ್ನಿಗೆ ಅಂಟಿಸಿದೆ. ಒಣಗಲು ಬಿಟ್ಟೆ. ಮಂಜಪ್ಪ ಬಂದು ಎತ್ತಿಕೊಂಡ.

“ವಾಪಸು ಯಾರ ಹೆಸರಲ್ಲಿ ಹಾಕ್ಲಿ ಅಮಾ? ನಿಮ್ಮದರಲ್ಲಾ?”

“ತಗೊಂಡವರ ಹೆಸರಲ್ಲೇ ಹಾಕು,” ಅಂದೆ.